ವಿಮಾನ ಸುರಕ್ಷತಾ ಕಾರ್ಡ್ ಮತ್ತು ವಿಮಾನ ಪತ್ರಿಕೆಗಳ ಸಂಗ್ರಹ

ವಿಮಾನದ ಆಸನಗಳ ಹಿಂಬದಿಯ ಚೀಲದಲ್ಲಿ ಪ್ರಯಾಣಿಕರಿಗಾಗಿ ಇಡುವ ಸುರಕ್ಷತಾ ಕಾರ್ಡುಗಳನ್ನೂ ವಿಮಾನಯಾನ ಸಂಸ್ಥೆಗಳ ಪತ್ರಿಕೆಗಳನ್ನೂ ಕೂಡಿಡುವ ಹವ್ಯಾಸ. ವೇಳಾಪಟ್ಟಿ, ಲಗೇಜ್ ಚೀಟಿ, ವಾಂತಿಚೀಲಗಳ ಸಂಗ್ರಹ ಇದರ ಒಡಹುಟ್ಟು.

ಮೊದಲ ವಿಮಾನ ಪತ್ರಿಕೆ ಯಾವುದೆಂಬ ಬಗ್ಗೆ ಬರಹಗಳಲ್ಲಿ ಗೊಂದಲವಿದೆ. ಅಮೆರಿಕದ ಪ್ಯಾನ್ ಆಮ್ 1952ರಲ್ಲಿ ತಂದ ‘ಕ್ಲಿಪ್ಪರ್ ಟ್ರಾವೆಲ್’ಗೆ ಸಾಮಾನ್ಯವಾಗಿ ಆ ಸ್ಥಾನ ಸಲ್ಲುತ್ತದೆ. ನೆದರ್ಲೆಂಡ್ಸ್‌ನ ಕೆಎಲ್ಎಂ ಸಂಸ್ಥೆಯ ‘ಹಾಲೆಂಡ್ ಹೆರಾಲ್ಡ್’ ಆರಂಭವಾದದ್ದು 1966ರ ಜನವರಿಯಲ್ಲಿ. ಅದರ ಹೆಗ್ಗಳಿಕೆ ದೀರ್ಘಾಯುಷ್ಯದ್ದೇ ಹೊರತು ಮೊದಲ ಸ್ಥಾನದ್ದಲ್ಲ. ಇವೆರಡನ್ನೂ ಬೆರೆಸಿದ್ದರಿಂದಲೇ ಗೊಂದಲ ಹುಟ್ಟಿದೆ.

ಕಾರ್ಡುಗಳ ವಿಷಯದಲ್ಲಿ ಒಂದೇ ಆರಂಭಬಿಂದುವನ್ನು ಗುರುತಿಸುವುದು ಕಷ್ಟ. 1950ರ ದಶಕದಲ್ಲಿ ಸಾಗರ ದಾಟುವ ವಿಮಾನಗಳಲ್ಲಿ, ನೀರಿನ ಮೇಲೆ ಇಳಿಯಬೇಕಾಗಿ ಬಂದರೆ ಏನು ಮಾಡಬೇಕೆಂದು ತಿಳಿಸುವ, ಬರಹವೇ ಹೆಚ್ಚಿದ್ದ ಮಡಿಕೆಪತ್ರಗಳಿದ್ದವು. ಮುಂದೆ ಬರಹ ಹಿಂದೆ ಸರಿದು ಚಿತ್ರ ಮುಂದೆ ಬಂತು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಜಾನ್ಸನ್ ಮೊದಲಾದವರು, ಜನರಿಗೆ ಚಿತ್ರ ಅರ್ಥವಾಗುತ್ತದೆಯೇ ಎಂದು ಪರೀಕ್ಷಿಸಿ ಕಾರ್ಡುಗಳನ್ನು ರೂಪಿಸಿದರು.

ಸಂಗ್ರಾಹಕರ ದೃಷ್ಟಿಯಲ್ಲಿ ನಿಜವಾದ ತಿರುವು ಕಾನೂನಿನದು. ಕಾರ್ಡಿನಲ್ಲಿರುವ ವಿವರ ಆ ಹಾರಾಟಕ್ಕೆ ಬಳಸುವ ವಿಮಾನದ ಮಾದರಿಗೆ ಮಾತ್ರ ಸಂಬಂಧಿಸಿರಬೇಕೆಂದು ಅಮೆರಿಕದ ನಿಯಮ ವಿಧಿಸುತ್ತದೆ. ಹೀಗಾಗಿ ಒಂದೇ ಸಂಸ್ಥೆಯ ಬೋಯಿಂಗ್ 737ಕ್ಕೆ ಒಂದು ಕಾರ್ಡು, ಏರ್‌ಬಸ್ ಎ320ಕ್ಕೆ ಮತ್ತೊಂದು. ಒಳವಿನ್ಯಾಸ ಬದಲಾದರೆ ಹೊಸ ಆವೃತ್ತಿ. ಕಾರ್ಡು ಕೈಗೆ ಬಂದೊಡನೆ ಸಂಗ್ರಾಹಕರು ನೋಡುವುದು ಮೂಲೆಯ ಸಣ್ಣಕ್ಷರವನ್ನು: ವಿಮಾನದ ಮಾದರಿ, ಪರಿಷ್ಕರಣೆಯ ಸಂಖ್ಯೆ, ಕೆಲವೊಮ್ಮೆ ತಿಂಗಳು ಮತ್ತು ವರ್ಷ. ದಿನಾಂಕವಿಲ್ಲದಿದ್ದರೆ ಲಾಂಛನ ಹಾಗೂ ಚಿತ್ರದಲ್ಲಿರುವ ತುರ್ತು ಬಾಗಿಲುಗಳನ್ನು ಆ ಸಂಸ್ಥೆಯ ವಿಮಾನಗಳ ಪಟ್ಟಿಯೊಂದಿಗೆ ತಾಳೆ ನೋಡಿ ಕಾಲ ನಿರ್ಧರಿಸುತ್ತಾರೆ.

ಪತ್ರಿಕೆಯನ್ನು ಒಯ್ಯಲು ಸಾಮಾನ್ಯವಾಗಿ ಅನುಮತಿಯಿರುತ್ತದೆ. ಕಾರ್ಡಿನ ಮೇಲೆ ಮಾತ್ರ ವಿಮಾನದಿಂದ ಹೊರಗೆ ಒಯ್ಯಬಾರದೆಂಬ ಸೂಚನೆ ಇರುವುದುಂಟು. ಆದ್ದರಿಂದ ಸಿಬ್ಬಂದಿಯನ್ನು ಕೇಳಿ ಪಡೆಯುವುದು, ವಿನಿಮಯ, ಮುಚ್ಚಿದ ಸಂಸ್ಥೆಗಳ ಉಳಿಕೆಯ ಖರೀದಿ ರೂಢಿಯಲ್ಲಿವೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಸಂಗ್ರಾಹಕರ ಸಂಘ ಮತ್ತು ವಾರ್ಷಿಕ ಮೇಳಗಳು ಆರಂಭವಾದವು. 1978ರಲ್ಲಿ ಅಲ್ಲಿನ ವಿಮಾನಯಾನದ ಮೇಲಿನ ನಿಯಂತ್ರಣ ಸಡಿಲಗೊಂಡ ಬಳಿಕ ಅಲ್ಪಾಯುಷಿ ಸಂಸ್ಥೆಗಳು ಹೆಚ್ಚಿ ವಿರಳ ಕಾರ್ಡುಗಳೂ ಹೆಚ್ಚಿದವು. ಹಳೆಯ ಪ್ಯಾನ್ ಆಮ್ ಕೂಡ 1991ರಲ್ಲಿ ಮುಚ್ಚಿತು. ಎರಿಕ್ ಎರಿಕ್ಸನ್ ಮತ್ತು ಯೋಹಾನ್ ಪಿಲ್ ಅವರ ‘ಡಿಸೈನ್ ಫಾರ್ ಇಂಪ್ಯಾಕ್ಟ್’ (2003) ಐವತ್ತು ವರ್ಷಗಳ ಕಾರ್ಡುಗಳನ್ನು ವಿನ್ಯಾಸಕಲೆಯಾಗಿ ಪರಿಚಯಿಸಿತು.

ಭಾರತದಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ‘ಸ್ವಾಗತ್’, ಜೆಟ್ ಏರ್‌ವೇಸ್‌ನ ‘ಜೆಟ್‌ವಿಂಗ್ಸ್’ ಪರಿಚಿತ ಪತ್ರಿಕೆಗಳಾಗಿದ್ದವು. ಬೆಂಗಳೂರು ಮೂಲದ, 2003ರಲ್ಲಿ ಹಾರಾಟ ಆರಂಭಿಸಿದ ಏರ್ ಡೆಕ್ಕನ್, ಮುಂದೆ ಸಿಂಪ್ಲಿಫ್ಲೈ ಡೆಕ್ಕನ್, 2008ರಲ್ಲಿ ಕಿಂಗ್‌ಫಿಷರ್ ರೆಡ್ ಎಂದಾಯಿತು. ಇಂಥ ಕಡೆ ಕಾಲನಿರ್ಣಯಕ್ಕೆ ಸಂಸ್ಥೆಯ ಹೆಸರೇ ಅರ್ಧ ಆಧಾರ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ಹಾರಾಟ ನಿಲ್ಲಿಸಿದವು.

2020ರಲ್ಲಿ ಕೋವಿಡ್ ಸೋಂಕಿನ ಭಯದಿಂದ ಅನೇಕ ಸಂಸ್ಥೆಗಳು ಆಸನದ ಚೀಲದಿಂದ ಪತ್ರಿಕೆಗಳನ್ನು ತೆಗೆದವು, ಹಲವು ಮರಳಲಿಲ್ಲ. ಅಮೆರಿಕನ್ ಏರ್‌ಲೈನ್ಸ್‌ನ ‘ಅಮೆರಿಕನ್ ವೇ’ 2021ರಲ್ಲಿ ನಿಂತಿತು. ಯುನೈಟೆಡ್ ಏರ್‌ಲೈನ್ಸ್‌ನ ‘ಹೆಮಿಸ್ಫಿಯರ್ಸ್’ ಮಾಸಿಕದ ಮುದ್ರಣ 2024ರಲ್ಲಿ ಕೊನೆಗೊಂಡಿತು. ಕಾನೂನಿನ ಕಡ್ಡಾಯವಿರುವುದರಿಂದ ಸುರಕ್ಷತಾ ಕಾರ್ಡು ಇಂದಿಗೂ ಅಚ್ಚಾಗುತ್ತಿದೆ.