ಬಾವಲಿಗಳ ಋತುಮಾನದ ಆಹಾರ: ನೀಲಗಿರಿ

ಹಣ್ಣು, ಮಕರಂದ, ಕೀಟ, ಸಣ್ಣ ಪ್ರಾಣಿ ಇವೆಲ್ಲವನ್ನೂ ಒಂದೇ ಜೀವಿಯು ಭಕ್ಷಿಸುವ ನಿಜವಾದ ಸರ್ವಾಹಾರಿ ಬಾವಲಿಗಳು ಉಷ್ಣವಲಯದ ಅಮೆರಿಕ ಖಂಡದಲ್ಲಿ ವಾಸಿಸತಕ್ಕವು. ನೀಲಗಿರಿ ಜಿಲ್ಲೆಯಲ್ಲಾದರೋ ಈ ವೈವಿಧ್ಯವು ಬೇರೆಬೇರೆ ಜಾತಿಗಳಲ್ಲಿ ಹಂಚಿಹೋಗಿದೆ. ಮಸಿನಗುಡಿಯ ಒಣಕಾಡಿನಲ್ಲಿ ಬೂರುಗವು ಎಲೆಯನ್ನೆಲ್ಲ ಕಳಚಿ ಕೆಂಪು ಹೂಗಳನ್ನು ತಳೆದಾಗ, ಅಂದರೆ ಸುಮಾರು ಜನವರಿಯಿಂದ ಮಾರ್ಚ್‌ವರೆಗೆ, ಫಲಾಹಾರಿ ಬಾವಲಿಗಳು ಮಕರಂದವನ್ನರಸಿ ಇರುಳಿನಲ್ಲಿ ಸುಳಿಯುತ್ತ, ಮೈಗೆ ಮೆತ್ತಿದ ಪರಾಗವನ್ನು ಮರದಿಂದ ಮರಕ್ಕೆ ಒಯ್ಯುತ್ತವೆ. ಮುಂಗಾರಿನೊಡನೆ ನೇರಳೆ ಹಣ್ಣಾಗುತ್ತದೆ. ಮಿಕ್ಕ ತಿಂಗಳುಗಳ ಕೊರತೆಯನ್ನು ನೀಗುವವು ಅತ್ತಿ, ಬಸರಿ, ಆಲಗಳು. ಏಕೆಂದರೆ ಈ ಕುಲದ ಮರಗಳು ಏಕಕಾಲಕ್ಕೆ ಫಲಿಸದೆ ಒಂದಾದ ಮೇಲೊಂದು ಫಲಿಸುತ್ತವೆ. ಗೂಡಲೂರಿನಂಥ ತೋಟಸೀಮೆಯಲ್ಲಿ ಮಳೆ ಕಳೆದು ಕಾಫಿ ಹಣ್ಣಾದಾಗ, ಗಿಡ್ಡಮೂಗಿನ ಬಾವಲಿಯು ಸಿಹಿತಿರುಳನ್ನು ಹೀರಿ ಬೀಜವನ್ನು ನೆಲಕ್ಕುದುರಿಸುವುದುಂಟು.

ಮಾಂಸಾಹಾರದ ಪಾಲು ದೊಡ್ಡ ಕಿವಿಯ ‘ಹುಸಿ ರಕ್ತಪಾಯಿ’ ಬಾವಲಿಯದು: ಹೆಸರೇನೇ ಇರಲಿ, ಅದು ರಕ್ತವನ್ನು ಹೀರದು, ಎಲೆಯ ಸರಪರ ಸದ್ದನ್ನಾಲಿಸಿ ದೊಡ್ಡ ಕೀಟ, ಕಪ್ಪೆ, ಹಲ್ಲಿ, ಇಲಿ, ಸಣ್ಣ ಹಕ್ಕಿಗಳನ್ನು ಹಿಡಿಯುತ್ತದೆ. ಉದಕಮಂಡಲದ ಸುಮಾರು 2,240 ಮೀಟರ್ ಎತ್ತರದಲ್ಲಿ, ಚಳಿಗಾಲದ ಇರುಳುಗಳಲ್ಲಿ ಕೀಟಾಹಾರಿ ಬಾವಲಿಗಳ ಆಹಾರವಾದ ಹಾರುವ ಕೀಟಗಳು ವಿರಳವಾಗುತ್ತವೆ.

ಅರಣ್ಯವನ್ನು ಬಿತ್ತುವ ಈ ಫಲಾಹಾರಿಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಉಪದ್ರವಕಾರಿಗಳ ಪಟ್ಟಿಯಲ್ಲಿರಿಸಿದ್ದುದು ಅನ್ಯಾಯವೇ ಸರಿ. ಆ ಪಟ್ಟಿಯನ್ನು 2022ರ ತಿದ್ದುಪಡಿಯು ಕೈಬಿಟ್ಟಿತು.