ಪುರದ ಸಗಣಿ ಲೆಕ್ಕ

ಇವತ್ತಿನ ಎಪಿಸೋಡ್ ಸಗಣಿ ಲೆಕ್ಕದ ಬಗ್ಗೆ. ನಗಬೇಡಿ. ನಂದು ಬಿ.ಕಾಂ. ಓದಿದ ತಲೆ, ಕೆ.ಜಿ.ಗೆ ಎರಡು ಪೈಸೆ ಅನ್ನೋ ರೇಟ್ ಕಣ್ಣಿಗೆ ಬಿದ್ದರೆ ಮುಂದೆ ಓದದೇ ಇರೋಕಾಗಲ್ಲ. ಆ ರೇಟ್ ಇದ್ದದ್ದು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಪುಟ್ಟ ಹಳ್ಳಿಯಲ್ಲಿ. ಸಗಣಿ ತಂದು ಹಾಕಿದವರಿಗೆ ದುಡ್ಡು ಕೊಡ್ತಾ ಇದ್ದದ್ದು ಬೆಂಗಳೂರಿನ ಐಐಎಸ್‌ಸಿ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ಶುರು ಮಾಡಿದ ಒಂದು ಯೋಜನೆ.

ಈಗ ಯಾವ ಯೂನಿವರ್ಸಿಟಿ ವೆಬ್‌ಸೈಟ್ ತೆಗೆದರೂ ಒಂದು ಎನ್‌ಜಿಒ ಜತೆ ಒಪ್ಪಂದಕ್ಕೆ ಸಹಿ ಹಾಕಿದ ಫೋಟೋ ಇರುತ್ತೆ, ಕೆಳಗೆ ‘ಸುಸ್ಥಿರ ಅಭಿವೃದ್ಧಿ’ ಅಂತ ಕ್ಯಾಪ್ಷನ್. ಫೋಟೋ ತೆಗೆದಾದ ಮೇಲೆ ಹಳ್ಳಿಯಲ್ಲಿ ಉಳಿಯೋದು ಯಾರು? ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಐವತ್ತು ವರ್ಷದ ಇತಿಹಾಸ ಇದೆ.

1974. ಪೆಟ್ರೋಲ್ ಬೆಲೆ ಪ್ರಪಂಚಾನ ಅಲ್ಲಾಡಿಸಿದ್ದ ಹೊತ್ತು. ಐಐಎಸ್‌ಸಿಗೆ ಸತೀಶ್ ಧವನ್ ನಿರ್ದೇಶಕರು. ಅಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅಂತ ಒಬ್ಬ ಪ್ರೊಫೆಸರ್, ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ದೊಡ್ಡ ಹೆಸರು. ಬಾಕ್ರಿಸ್ ಜತೆ ಸೇರಿ ಅವರು ಬರೆದ ಪಠ್ಯಪುಸ್ತಕವನ್ನ ಹೊರದೇಶದಲ್ಲೂ ಓದ್ತಾ ಇದ್ದರು. ಅಂಥವರು ದಾರಿ ಬದಲಿಸಿ, ನಮ್ಮ ವಿಜ್ಞಾನ ಹಳ್ಳಿಯ ಬಡವರಿಗೆ ಏನು ಕೊಡ್ತಿದೆ ಅಂತ ಕೇಳೋಕೆ ಶುರು ಮಾಡಿದರು. ಹಾಗೆ ಹುಟ್ಟಿದ್ದು ‘ಅಸ್ತ್ರ’. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ, ತಂತ್ರಜ್ಞಾನದ ಅನ್ವಯ ಅನ್ನೋ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ಕನ್ನಡದಲ್ಲಿ ಕೇಳೋಕೂ ಚೆನ್ನಾಗಿದೆ, ಅಲ್ವಾ?

ಬೆಂಗಳೂರಲ್ಲೇ ಕೂತು ಹಳ್ಳಿ ಬಗ್ಗೆ ಪೇಪರ್ ಬರೆಯಬಾರದು ಅಂತ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ತೆರೆದರು. ಆ ಭಾಗದ ಆರು ಹಳ್ಳಿಗಳಲ್ಲಿ ಮನೆ ಮನೆಗೂ ಹೋಗಿ ಲೆಕ್ಕ ಹಾಕಿದರು. ಸೌದೆ ಎಷ್ಟು, ನೀರು ಎಷ್ಟು ದೂರ, ಯಾರು ಹೊತ್ತು ತರೋದು, ಎಷ್ಟು ಹೊತ್ತು ಹಿಡಿಯುತ್ತೆ. ಹಳ್ಳಿಯ ಇಂಧನದಲ್ಲಿ ಸಿಂಹಪಾಲು ಸೌದೆ, ಅದರಲ್ಲಿ ಹೆಚ್ಚಿನದು ಸುಟ್ಟದ್ದು ಅಡುಗೆಗೆ. ಸೌದೆಯನ್ನ ದುಡ್ಡು ಕೊಟ್ಟು ಕೊಳ್ಳೋರು ತೀರಾ ಕಮ್ಮಿ, ಆಯ್ದು ತರೋದೇ ಜಾಸ್ತಿ. ನಮ್ಮ ಅಕೌಂಟಿಂಗ್ ಪ್ರಕಾರ ಅದರ ಖರ್ಚು ಸೊನ್ನೆ! ಹೆಂಗಸರು, ಮಕ್ಕಳು ದಿನಾ ಸುರಿದ ಗಂಟೆಗಳು ಯಾವ ಪುಸ್ತಕದಲ್ಲೂ ಬರಲ್ಲ. ಈ ತಂಡ ಆ ಗಂಟೆಗಳನ್ನ ಎಣಿಸಿತು. ನನ್ನ ಪ್ರಕಾರ ‘ಅಸ್ತ್ರ’ದ ದೊಡ್ಡ ಕೆಲಸ ಇದೇ, ಯಂತ್ರ ಎಲ್ಲಾ ಆಮೇಲಿಂದು.

ಅಡುಗೆಗೇ ಇಷ್ಟು ಸೌದೆ ಹೋಗ್ತಿದ್ದರೆ ಪರಿಹಾರ ಸುಲಭ ಅನ್ನಿಸುತ್ತೆ: ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ, ಮನೆ ಮನೆಗೆ ಗ್ಯಾಸ್. ಪುರದಲ್ಲಿ ಮೊದಲು ಮಾಡಿದ್ದೂ ಅದನ್ನೇ. ಆಗಲಿಲ್ಲ. ಎಲ್ಲರ ಮನೆ ಅಡುಗೆಗೆ ಸಾಕಾಗುವಷ್ಟು ಗ್ಯಾಸ್ ಬರಲಿಲ್ಲ. ಪುಕ್ಕಟೆ ಸೌದೆ ಸಿಗೋ ಊರಲ್ಲಿ ಅರ್ಧಂಬರ್ಧ ಗ್ಯಾಸ್ ಯಾರಿಗೆ ಬೇಕು ಹೇಳಿ? ಜನ ಆಸಕ್ತಿ ಕಳಕೊಂಡರು.

ಆಮೇಲೆ ಊರವರನ್ನ ಕೂರಿಸಿ ಕೇಳಿದಾಗ ಸಿಕ್ಕ ಉತ್ತರ ಬೇರೆಯೇ ಇತ್ತು. ಮೊದಲು ಕುಡಿಯೋ ನೀರು ಕೊಡಿ ಅಂದರು. ಹಾಗಾಗಿ 1987ರಲ್ಲಿ ಯೋಜನೆಯ ದಿಕ್ಕೇ ಬದಲಾಯಿತು. ಅದೇ ಗ್ಯಾಸಿಗೆ ಸ್ವಲ್ಪ ಡೀಸೆಲ್ ಸೇರಿಸಿ ಎಂಜಿನ್ ಓಡಿಸಿದರು, ಅದರಿಂದ ಕರೆಂಟು, ಕರೆಂಟಿನಿಂದ ಬೋರ್‌ವೆಲ್ ನೀರು, ಸಂಜೆ ಮನೆಗಳಿಗೆ ಟ್ಯೂಬ್‌ಲೈಟ್. ಬೆಳಗ್ಗೆ ಸಗಣಿ ತಂದರೆ ತೂಕ ಮಾಡಿ ಬರಕೋತಿದ್ದರು. ಕೆ.ಜಿ.ಗೆ ಎರಡು ಪೈಸೆ ತಂದ ಕೂಲಿ, ಮೇಲೆ ತೂಕಕ್ಕೆ ತಕ್ಕಂತೆ ಹೊಲಕ್ಕೆ ಗೊಬ್ಬರ ವಾಪಸ್. ತರ್ತಾ ಇದ್ದವರು ಹೆಚ್ಚಾಗಿ ಹೆಂಗಸರು, ನೀರು ಹೊರೋ ಕಷ್ಟ ತಪ್ಪಿದ್ದೂ ಅವರಿಗೇ ತಾನೇ. ಸ್ಥಾವರ ನಡೆಸಿದ್ದು ಅದೇ ಊರಿನ ಹುಡುಗರು, ಉಸ್ತುವಾರಿಗೆ ಊರಿನ ಸಮಿತಿ.

ಅದು ನಡೆದದ್ದು ಸುಮಾರು ಹತ್ತು ವರ್ಷ. 1990ರ ದಶಕ ಮುಗಿಯೋದರೊಳಗೆ ನಿಂತೂ ಹೋಯಿತು. 2004ರಲ್ಲಿ ರೆಡ್ಡಿ ಪುರದ ಪಾಠಗಳ ಬಗ್ಗೆಯೇ ಒಂದು ಲೇಖನ ಬರೆದರು, 2006ರಲ್ಲಿ ತೀರಿಕೊಂಡರು. ನನ್ನ ಓದು ಇಷ್ಟು: ಎಂಜಿನ್ ಕೆಟ್ಟರೆ ರಿಪೇರಿ ಮಾಡಬಹುದು. ಬಾಕಿ ವಸೂಲಿ, ಊರ ರಾಜಕೀಯ, ಸಮಿತಿಯೊಳಗಿನ ಜಗಳ, ಇವನ್ನೆಲ್ಲ ವರ್ಷಗಟ್ಟಲೆ ಸಂಭಾಳಿಸೋದು ಪ್ರೊಫೆಸರ್‌ಗಳ ಕೆಲಸ ಅಲ್ಲ. ಅವರಿಗೆ ಪಾಠ ಇದೆ, ಪಿಎಚ್.ಡಿ. ಹುಡುಗರಿದ್ದಾರೆ. ಲ್ಯಾಬಿಗೂ ಹಳ್ಳಿಗೂ ನಡುವೆ ಇನ್ನೊಬ್ಬರು ಬೇಕು.

ಆ ನಡುವಿನ ಜಾಗಕ್ಕೆ ಮೊದಲು ಬಂದದ್ದು 1975ರಲ್ಲಿ ಶುರುವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ. ಎಂಜಿನಿಯರಿಂಗ್ ಓದಿದವರಿಗೆ ಕೆಎಸ್‌ಸಿಎಸ್‌ಟಿ ಅಂದರೆ ಫೈನಲ್ ಇಯರ್ ಪ್ರಾಜೆಕ್ಟಿಗೆ ಫಂಡ್ ಕೊಡೋರು ಅಂತಷ್ಟೇ ನೆನಪಿರುತ್ತೆ. ಸರ್ಕಾರದ ದುಡ್ಡು, ಆದರೆ ಸೊಸೈಟಿಯ ರೂಪ, ಆಫೀಸು ಐಐಎಸ್‌ಸಿ ಕ್ಯಾಂಪಸ್ಸಿನೊಳಗೇ. ‘ಅಸ್ತ್ರ ಒಲೆ’ಯನ್ನ ಹಳ್ಳಿಗಳಿಗೆ ತಲುಪಿಸಿದ್ದು ಇವರು. ಮೂರು ಪಾತ್ರೆ ಇಡಬಹುದಾದ, ಹೊಗೆ ಕೊಳವೆ ಇರೋ ಮಣ್ಣಿನ ಒಲೆ ಅದು. ನೋಡೋಕೆ ಸರಳ, ಆದರೆ ಒಳಗಿನ ಅಳತೆ ಸ್ವಲ್ಪ ತಪ್ಪಿದರೂ ಸೌದೆ ಉಳಿಯಲ್ಲ. ಹಾಗಾಗಿ ಒಲೆಯ ನಕ್ಷೆ ಹಂಚಿದರೆ ಸಾಲದು, ಕಟ್ಟೋ ಕೈಗಳನ್ನೂ ತಯಾರು ಮಾಡಬೇಕು.

1993ರಲ್ಲಿ ಬೆಂಗಳೂರಿನಲ್ಲಿ ‘ಟೈಡ್’ ಅನ್ನೋ ಲಾಭರಹಿತ ಸಂಸ್ಥೆ ಶುರುವಾಯಿತು. ಸೋಪಿನ ಪುಡಿ ಅಲ್ಲ. ಇದನ್ನ ಬೆಳೆಸಿದವರು ಸ್ವಾತಿ ಭೋಗ್ಲೆ. ಲ್ಯಾಬಲ್ಲಿ ಹುಟ್ಟಿದ ತಂತ್ರಜ್ಞಾನವನ್ನ ಬಳಸೋರ ಕೈಗೆ ಮುಟ್ಟಿಸೋದೇ ಇವರ ಕಸುಬು. ಇವರು ಮನೆ ಅಡುಗೆಗಷ್ಟೇ ನಿಲ್ಲದೆ ಅಡಿಕೆ ಬೇಯಿಸೋರು, ರೇಷ್ಮೆ ನೂಲು ತೆಗೆಯೋರ ಹತ್ತಿರವೂ ಹೋದರು. ಜಾಣತನ ಅನ್ನಿಸಿತು ನನಗೆ. ಮನೆಯಲ್ಲಿ ಆಯ್ದು ತಂದ ಸೌದೆಗೆ ಲೆಕ್ಕ ಇಲ್ಲ, ಆದರೆ ದುಡ್ಡು ಕೊಟ್ಟು ಸೌದೆ ಕೊಳ್ಳೋನಿಗೆ ಉಳಿತಾಯ ತಿಂಗಳ ಕೊನೆಗೆ ಜೇಬಲ್ಲೇ ಕಾಣುತ್ತೆ. 2008ರಲ್ಲಿ ಈ ಕೆಲಸಕ್ಕೆ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ಮನೆ ಒಲೆಗೆ ಹೆಂಗಸರನ್ನೇ ತರಬೇತಿ ಕೊಟ್ಟು ತಯಾರು ಮಾಡಿದರು. ಅವರು ಒಲೆ ಕಟ್ಟಿಕೊಟ್ಟು ಅದಕ್ಕೆ ದುಡ್ಡು ತಗೋತಾರೆ.

‘ಅಸ್ತ್ರ’ಕ್ಕೆ ಐಐಎಸ್‌ಸಿಯಲ್ಲಿ ಈಗ ‘ಸೆಂಟರ್ ಫಾರ್ ಸಸ್ಟೈನಬಲ್ ಟೆಕ್ನಾಲಜೀಸ್’ ಅನ್ನೋ ಹೆಸರಿದೆ. ನಿಮ್ಮ ಊರಿಗೂ ಯಾವುದಾದರೂ ಕಾಲೇಜು, ಎನ್‌ಜಿಒ ಸೇರಿ ಒಲೆಯೋ, ಕೆರೆಯೋ, ಸೋಲಾರ್ ದೀಪವೋ ಅಂತ ಏನಾದರೂ ಮಾಡಿದ್ದರೆ ಅದು ಈಗ ಹೇಗಿದೆ ಅಂತ ಹೋಗಿ ನೋಡಿ, ಒಂದು ವಾಯ್ಸ್ ನೋಟ್ ಕಳಿಸಿ. ಉದ್ಘಾಟನೆಯ ಫೋಟೋ ಬೇಡ.