ವಾಗ್ಮಿಯೋ, ವಾಚಾಳಿಯೋ? ‘ಲೊಕ್ವೇಶಿಯಸ್’ ಪದದ ಹಿಂದಿನ ಕಥೆ

ಇಂಗ್ಲಿಷಿನ ‘ಲೊಕ್ವೇಶಿಯಸ್’ ಅಂದ್ರೆ ವಾಚಾಳಿ, ವಿಪರೀತ ಮಾತಾಡುವವರು. ಆ ಗುಣಕ್ಕೆ ‘ಲೊಕ್ವಾಸಿಟಿ’ ಅಂತಾರೆ. ಮೂಲ ಲ್ಯಾಟಿನ್. ‘ಲೊಕ್ವಿ’ ಎಂದರೆ ಮಾತಾಡುವುದು. ಅದರ ಧಾತುವಿಗೆ ‘ಆಕ್ಸ್’ ಪ್ರತ್ಯಯ ಸೇರಿ ‘ಲೊಕ್ವಾಕ್ಸ್’ ಆಯಿತು. ಈ ಪ್ರತ್ಯಯ ಸೂಚಿಸುವುದು ಚಾಳಿಯನ್ನು, ಅದೂ ಹೆಚ್ಚಾಗಿ ಅತಿಯಾದ ಚಾಳಿಯನ್ನು. ಮಿಲ್ಟನ್ 1667ರ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ಈ ಪದ ಬಳಸಿದ್ದಾನೆ.

ಮಜಾ ಏನಂದ್ರೆ, ‘ಎಲೊಕ್ವೆಂಟ್’ ಕೂಡ ಇದೇ ‘ಲೊಕ್ವಿ’ಯ ಕೂಸು. ಒಂದು ಹೊಗಳಿಕೆ, ಇನ್ನೊಂದು ಬೈಗುಳ. ನಮ್ಮಲ್ಲೂ ಅದೇ ಕಥೆ: ವಾಗ್ಮಿ, ವಾಚಾಳಿ ಎರಡೂ ಸಂಸ್ಕೃತದ ‘ವಾಚ್’ನಿಂದ ಬಂದವು. ಪಾಣಿನಿ ಎರಡಕ್ಕೂ ಬೇರೆ ಬೇರೆ ಪ್ರತ್ಯಯ ಹೇಳಿದ. ‘ವಾಚಾಲ’ ಇರುವುದು ನಿಂದೆಗೆ ಎಂದು ಕಾತ್ಯಾಯನ ಗೆರೆ ಎಳೆದ.

1957ರ ಜನವರಿಯಲ್ಲಿ ವಿ.ಕೆ. ಕೃಷ್ಣ ಮೆನನ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಎರಡು ದಿನ ಸೇರಿ ಸುಮಾರು 8 ಗಂಟೆ ಮಾತಾಡಿದರು. ವಾಗ್ಮಿತೆಯೋ, ವಾಚಾಳಿತನವೋ? ಕೇಳುವವರು ಯಾವ ಕಡೆಯವರು ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ.

ಹಾಗಾಗಿ ಟಿವಿ ಡಿಬೇಟ್‌ನಲ್ಲಿ ಯಾರನ್ನಾದರೂ, ಅದರಲ್ಲೂ ಹೆಣ್ಣುಮಗಳನ್ನು, ‘ವಾಚಾಳಿ’ ಅಂದಾಗ ಒಮ್ಮೆ ಗಡಿಯಾರ ನೋಡಿ. ಅವರು ನಿಜಕ್ಕೂ ಜಾಸ್ತಿ ಮಾತಾಡಿದ್ರಾ, ಅಥವಾ ಮಾತಾಡಿದ್ದೇ ಜಾಸ್ತಿ ಆಯ್ತಾ?